ಆರ್‌ಎಕ್ಸ್ 100 ಎಂಜಿನ್ ಬಿಚ್ಚಿ ವೇಗ ಹೆಚ್ಚಿಸಿಕೊಂಡವರ ಅನುಭವ ಬೇಕಾಗಿದೆ

ಪ್ರಶ್ನೆ:
ತಂದೆಯವರು ಓಡಿಸುತ್ತಿದ್ದ 1993ರ ಯಮಹಾ ಆರ್‌ಎಕ್ಸ್ 100 ಎಂಬ ಎರಡು ಸ್ಟ್ರೋಕಿನ ಬೈಕು ಈಗ ನನ್ನ ಪಾಲಿಗೆ ಬಂದಿದೆ. ಕಿಕ್ಕರನ್ನು ಕೈಯಲ್ಲಿ ಒತ್ತಿದರೂ ಇಳಿಯುವಷ್ಟು ಕಂಪ್ರೆಷನ್ ಬಿದ್ದುಹೋಗಿದೆ. ಬ್ಲಾಕ್ (ಸಿಲಿಂಡರ್ ಭಾಗ) ಎತ್ತಿದಾಗ ಪಿಸ್ಟನ್ ತಲೆಯ ಮೇಲೆ 1.00 ಎಂಬ ಗುರುತು ಕಂಡಿತು. ಹೇಗೂ ಎಂಜಿನ್ ಬಿಚ್ಚಲೇಬೇಕಾಗಿರುವುದರಿಂದ ಪೋರ್ಟಿಂಗ್ ಮಾಡಿಸಿ (ಸಿಲಿಂಡರ್ ಗೋಡೆಯ ಕಿಂಡಿಗಳನ್ನು ಕೊರೆಸಿ ದೊಡ್ಡದು ಮಾಡಿಸಿ) ಎಕ್ಸ್‌ಪ್ಯಾನ್ಷನ್ ಚೇಂಬರ್ (ವೇಗಕ್ಕೆಂದೇ ಮಾಡಿದ ಉಬ್ಬು ಸೈಲೆನ್ಸರ್) ಹಾಕಿಸಲೇ, ಅಥವಾ ಆರ್‌ಎಕ್ಸ್ 135 ಬೈಕಿನ ಬ್ಲಾಕ್ ಕೂರಿಸಲೇ? ಮಾಡಿ ನೋಡಿದವರು ದಯವಿಟ್ಟು ತಿಳಿಸಿ.

ಮೊದಲ ಉತ್ತರ:
ಪೋರ್ಟಿಂಗ್ ಎಂಬ ಮಾತು ಕೇಳಿದರೆ ಈಗಲೂ ನನಗೆ ಹೊಟ್ಟೆ ಉರಿಯುತ್ತದೆ. ನನ್ನ ಬ್ಲಾಕಿನ ಎಕ್ಸಾಸ್ಟ್ ಪೋರ್ಟನ್ನು (ಹೊಗೆ ಹೊರಹೋಗುವ ಕಿಂಡಿಯನ್ನು) ಮೆಕ್ಯಾನಿಕ್ ಕಣ್ಣಳತೆಯಲ್ಲೇ 2 ಮಿ.ಮೀ. ಎತ್ತರಿಸಿದ. 50 ಮಿ.ಮೀ. ಸ್ಟ್ರೋಕಿನ (ಪಿಸ್ಟನ್ ಮೇಲೆ-ಕೆಳಗೆ ಚಲಿಸುವ ದೂರ) ಈ ಎಂಜಿನ್‌ನಲ್ಲಿ ಒಂದು ಮಿಲಿಮೀಟರ್ ಎತ್ತರಿಸಿದರೆ ಪೋರ್ಟ್ ತೆರೆದಿರುವ ಅವಧಿ ಕ್ರ್ಯಾಂಕ್ ಸುತ್ತಿನ ಲೆಕ್ಕದಲ್ಲಿ ಸುಮಾರು 4.5 ಡಿಗ್ರಿ ಹೆಚ್ಚುತ್ತದೆ ಎಂಬ ಲೆಕ್ಕ ನನಗೆ ತಿಳಿದದ್ದು ಎಲ್ಲ ಮುಗಿದ ಮೇಲೆ. ಮೇಲಿನ ಆರ್‌ಪಿಎಂನಲ್ಲಿ ಗಾಡಿ ಹಾರುತ್ತಿತ್ತು, ಆದರೆ ಎರಡನೇ ಗೇರಿನಲ್ಲಿ ಏರು ಹತ್ತಲು ಕ್ಲಚ್ ಸವೆಸಬೇಕಾಗಿತ್ತು. ಹನ್ನೊಂದನೆಯ ದಿನ ನಾಲ್ಕನೇ ಗೇರಿನಲ್ಲಿ ಪೂರ್ತಿ ಆ್ಯಕ್ಸಿಲರೇಟರ್ ಕೊಟ್ಟಿದ್ದಾಗ ಪಿಸ್ಟನ್ ಸಿಲಿಂಡರಿನಲ್ಲಿ ಹಿಡಿದುಕೊಂಡು ಹಿಂದಿನ ಚಕ್ರ ಲಾಕ್ ಆಯಿತು. ಬಿಚ್ಚಿ ನೋಡಿದರೆ ಎಕ್ಸಾಸ್ಟ್ ಕಡೆಯ ಪಿಸ್ಟನ್ ಮೈಯಲ್ಲಿ ಉಗುರಿನಿಂದ ಕೆರೆದಂತಹ ಉದ್ದುದ್ದ ಗೀರುಗಳಿದ್ದವು, ಅಲ್ಲಿಂದ ಕಿತ್ತುಬಂದ ಅಲ್ಯೂಮಿನಿಯಂ ಲೈನರ್‌ಗೆ (ಸಿಲಿಂಡರಿನ ಒಳಗಿನ ಕೊಳವೆಗೆ) ಬೆಳ್ಳಗೆ ಮೆತ್ತಿಕೊಂಡಿತ್ತು. ಪೋರ್ಟಿಂಗ್‌ಗೆ 3,500, ಚೇಂಬರ್‌ಗೆ 6,500, ಪಿಸ್ಟನ್ ಕಿಟ್‌ಗೆ 1,900, ಬೋರಿಗೆ (ಸಿಲಿಂಡರ್ ಕೊರೆಸಲು) 700 ರೂಪಾಯಿ ಆಗಲೇ ಹೋಗಿತ್ತು. ಮತ್ತೆ ಪಿಸ್ಟನ್ 1,900, ಬೋರ್ 700, ಕನೆಕ್ಟಿಂಗ್ ರಾಡ್ ಕಿಟ್ 1,650, ಕೂಲಿ 2,500. ಒಟ್ಟು 19,350 ರೂಪಾಯಿ ಸುರಿದ ಮೇಲೆ ನಾನು ಕಂಪನಿಯ ಸೈಲೆನ್ಸರನ್ನೇ ಮರಳಿ ಹಾಕಿಸಿಕೊಂಡೆ.

ಎರಡನೆಯ ಉತ್ತರ:
ಮೇಲಿನವರ ನಷ್ಟಕ್ಕೆ ವಿಷಾದವಿದೆ, ಆದರೆ ತಪ್ಪನ್ನು ಚೇಂಬರ್ ಮೇಲೆ ಹೊರಿಸಬಾರದು. ಚೇಂಬರ್ ಹಾಕಿದ ಮೇಲೆ ಮೈನ್ ಜೆಟ್ (ಕಾರ್ಬ್ಯುರೇಟರಿನಲ್ಲಿ ಪೆಟ್ರೋಲ್ ಹಾಯುವ ತೂತಿನ ತುಂಡು) ಬದಲಿಸಿದ್ದೀರಾ ಎಂಬುದನ್ನು ಅವರು ಬರೆದೇ ಇಲ್ಲ. ನಾನು ಪೋರ್ಟುಗಳನ್ನು ಮುಟ್ಟಲಿಲ್ಲ. ಪಿಸ್ಟನ್ನಿಗೂ ಹೆಡ್ಡಿಗೂ ನಡುವಿನ ಅಂತರ ತಿಳಿಯಲು, ಪ್ಲಗ್ ತೂತಿನಿಂದ ಮೆತ್ತನೆಯ ಬೆಸುಗೆ ತಂತಿಯನ್ನು (ಸೋಲ್ಡರ್) ಸಿಲಿಂಡರ್ ಗೋಡೆಗೆ ತಾಗುವವರೆಗೆ ಇಳಿಸಿ, ಕಿಕ್ಕರನ್ನು ಕೈಯಲ್ಲೇ ನಿಧಾನವಾಗಿ ತಿರುಗಿಸಿ, ಅಪ್ಪಚ್ಚಿಯಾದ ತುದಿಯನ್ನು ಅಳೆದರೆ 1.6 ಮಿ.ಮೀ. ಬಂತು. ಹೆಡ್ಡನ್ನು ಲೇತಿಗೆ ಕೊಟ್ಟು ಆ ಅಂತರವನ್ನು 1 ಮಿ.ಮೀ.ಗೆ ಇಳಿಸಿದೆ. ಆಮೇಲೆ ಚೇಂಬರ್ ಹಾಕಿ, ಬೇಕೆಂದೇ ದೊಡ್ಡ ಜೆಟ್ಟಿನಿಂದ ಶುರುಮಾಡಿ ಒಂದೊಂದೇ ಅಳತೆ ಇಳಿಸುತ್ತ ಬಂದೆ. ಪ್ರತಿ ಸಲವೂ ಪೂರ್ತಿ ವೇಗದಲ್ಲಿರುವಾಗಲೇ ಕ್ಲಚ್ ಹಿಡಿದು ಎಂಜಿನ್ ಆರಿಸಿ, ಪ್ಲಗ್ ಕಳಚಿ, ಮಿಶ್ರಣ ಹದವಾಗಿದೆಯೇ ಎಂದು ತಿಳಿಯಲು ಬಿಳಿ ಪಿಂಗಾಣಿಯ ಬುಡದ ಬಣ್ಣವನ್ನು ಟಾರ್ಚ್ ಹಿಡಿದು ನೋಡುತ್ತಿದ್ದೆ. ಇದಕ್ಕೆ ಐದು ಜೆಟ್ಟು ಮತ್ತು ನಾಲ್ಕು ಭಾನುವಾರ ಬೇಕಾದವು. ಮೂರು ವರ್ಷಗಳಾದರೂ ಪಿಸ್ಟನ್ ಒಮ್ಮೆಯೂ ಹಿಡಿದಿಲ್ಲ. ಪೆಟ್ರೋಲಿಗೆ ಲೀಟರಿಗೆ 25 ಮಿ.ಲೀ. ಆಯಿಲ್ ಬೆರೆಸುತ್ತೇನೆ.

ಮೊದಲ ಉತ್ತರ ಬರೆದವರು:
ಜೆಟ್ ಬದಲಿಸಲಾಗಿತ್ತು. ಕೇಳಿ ತಿಳಿಯುವ ಮುನ್ನವೇ ತೀರ್ಪು ಕೊಡಬೇಡಿ. ಮೆಕ್ಯಾನಿಕ್ ಎಂಜಿನ್‌ಗೆ ಆಯಿಲ್ ಉಣಿಸುವ ಪಂಪ್ ಕಳಚಿದ ಮೇಲೆ ನಾನು ಲೀಟರಿಗೆ 40 ಮಿ.ಲೀ. ಆಯಿಲ್ ಹಾಕುತ್ತಿದ್ದೆ, ಆದರೂ ಹಿಡಿಯಿತು. ನಿಮ್ಮ 25 ಮಿ.ಲೀ. ಸಲಹೆಯನ್ನು ನಂಬಿ ಯಾರಾದರೂ ರಸ್ತೆಯಲ್ಲಿ ಬಿದ್ದರೆ ಅದರ ಹೊಣೆ ಯಾರದು?

ಎರಡನೆಯ ಉತ್ತರ ಬರೆದವರು:
ಆಯಿಲ್ ಹೆಚ್ಚಿದಷ್ಟೂ ಅದೇ ಜೆಟ್ಟಿನಲ್ಲಿ ಹಾಯುವ ಪೆಟ್ರೋಲಿನ ಪಾಲು ಕಡಿಮೆಯಾಗುತ್ತದೆ, ಅಂದರೆ ಮಿಶ್ರಣ ಇನ್ನಷ್ಟು ಲೀನ್ (ಗಾಳಿ ಹೆಚ್ಚು, ಪೆಟ್ರೋಲ್ ಕಡಿಮೆ) ಆಗುತ್ತದೆ. 40 ಮಿ.ಲೀ.ಗೆ ತಕ್ಕಂತೆ ಜೆಟ್ ಇಟ್ಟಿದ್ದರೆ ಸರಿ, ಇಲ್ಲದಿದ್ದರೆ ನೀವು ರಕ್ಷಣೆ ಎಂದುಕೊಂಡದ್ದೇ ಪಿಸ್ಟನ್ನಿಗೆ ಮುಳುವಾಗಿರುತ್ತದೆ. ನಾನು ಅಳೆದು ಹೇಳುತ್ತಿದ್ದೇನೆ, ದಯವಿಟ್ಟು ಹೊಣೆಗಾರಿಕೆಯ ಪಾಠ ನನಗೆ ಬೇಡ.

ಮೂರನೆಯ ಉತ್ತರ:
ಇಬ್ಬರೂ 98 ಸಿಸಿಯನ್ನೇ ಹಿಂಡುತ್ತಿದ್ದೀರಿ. ನಾನು 135ರ ಬ್ಲಾಕ್ ಹಾಕಿಸಿದೆ. ಸ್ಟ್ರೋಕ್ ಅದೇ 50 ಮಿ.ಮೀ., ಬೋರ್ (ಸಿಲಿಂಡರಿನ ಒಳವ್ಯಾಸ) ಮಾತ್ರ 50ರ ಬದಲು 58, ಆದ್ದರಿಂದ 132 ಸಿಸಿ ಸಿಗುತ್ತದೆ. ಬ್ಲಾಕಿನ ಕೆಳಗೆ ಕ್ರ್ಯಾಂಕ್ ಇರುವ ಕ್ರ್ಯಾಂಕ್‌ಕೇಸಿನ ಬಾಯಿ ಅಗಲಿಸಬೇಕಾಯಿತು, ಆ ಕೆಲಸದಲ್ಲಿ ಉಳಿದ ಲೋಹದ ಪುಡಿಯಿಂದ ಮೂರೇ ತಿಂಗಳಲ್ಲಿ ಬೇರಿಂಗ್ ಸದ್ದು ಮಾಡಿತು. ಎರಡನೇ ಸಲ ಕ್ರ್ಯಾಂಕ್ ಹೊರತೆಗೆಸಿ, ಕೇಸನ್ನು ಡೀಸೆಲ್‌ನಲ್ಲಿ ತೊಳೆಸಿ ಕೂಡಿಸಿದ ಮೇಲೆ ಗಾಡಿ ಕೆಳಗಿನ ಗೇರಿನಲ್ಲೇ ಎಳೆಯುವ ರೀತಿಯನ್ನು ನೋಡಿದರೆ ನನಗೆ ಪಶ್ಚಾತ್ತಾಪವಿಲ್ಲ.

ನಾಲ್ಕನೆಯ ಉತ್ತರ:
ಆರ್‌ಸಿಯಲ್ಲಿ 98 ಸಿಸಿ ಎಂದಿರುವ ಗಾಡಿಗೆ 132 ಸಿಸಿ ಕೂರಿಸಿದ್ದನ್ನು ಹೆಮ್ಮೆಯಿಂದ ಹೇಳಿಕೊಳ್ಳುವುದು ಸರಿಯಲ್ಲ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಇಂಥ ಬದಲಾವಣೆಯನ್ನು ತಡೆಯುತ್ತದೆ. 2019ರ ತಿದ್ದುಪಡಿಯ ನಂತರ ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡವಿದೆ, ಆರು ತಿಂಗಳವರೆಗಿನ ಜೈಲೂ ಆಗಬಹುದು.

ಅದಿರಲಿ, ಪ್ರಶ್ನೆ ಕೇಳಿದವರು ಪಿಸ್ಟನ್ ಮೇಲೆ 1.00 ಎಂದಿದೆ ಎಂದು ಬರೆದದ್ದನ್ನು ಯಾರೂ ಗಮನಿಸಲಿಲ್ಲ. ಸರ್, ಅದು ಮೂಲ 50ಕ್ಕಿಂತ 1 ಮಿ.ಮೀ. ದೊಡ್ಡ ಪಿಸ್ಟನ್ ಎಂಬ ಗುರುತು, ಅಂದರೆ ನಿಮ್ಮ ಬ್ಲಾಕ್ ಈಗಾಗಲೇ 51 ಮಿ.ಮೀ. ತಲುಪಿದೆ. ಸಲಕ್ಕೆ 0.25 ಮಿ.ಮೀ. ಲೆಕ್ಕದಲ್ಲಿ ಅದು ನಾಲ್ಕನೆಯ ಬೋರ್, ಮುಂದಕ್ಕೆ ಕೊರೆಸುವ ಯೋಚನೆ ಬೇಡ. ಹಳೆಯ ಲೈನರ್ ತೆಗೆಸಿ ಹೊಸದು ಹಾಕಿಸಿ, 50ಕ್ಕೆ ಬೋರ್ ಮಾಡಿಸಿ. ಎಂಜಿನ್ ಬಿಚ್ಚಿ ಕ್ರ್ಯಾಂಕ್ ಹೊರತೆಗೆದಾಗಲೇ ಅದರ ಎರಡು ಬದಿಯ ಆಯಿಲ್ ಸೀಲ್ ಬದಲಿಸಿ, ಏಕೆಂದರೆ ಮ್ಯಾಗ್ನೆಟ್ ಕಡೆಯ ಸೀಲ್ ಗಾಳಿ ಎಳೆದರೆ ಯಾವ ಜೆಟ್ಟೂ ಪಿಸ್ಟನ್ ಉಳಿಸುವುದಿಲ್ಲ, ಕ್ಲಚ್ ಕಡೆಯದು ಹೋದರೆ ಗೇರ್ ಆಯಿಲ್ ಸುಟ್ಟು ಬಿಳಿ ಹೊಗೆ ಬರುತ್ತದೆ. ಬ್ಲಾಕ್ ಮರಳಿ ಬಂದಾಗ ಹೊಸ ಲೈನರಿನ ಕಿಂಡಿಗಳು ಬ್ಲಾಕಿನ ಕಿಂಡಿಗಳಿಗೆ ಸರಿಯಾಗಿ ಕೂಡಿವೆಯೇ ಎಂದು ಬೆರಳು ಹಾಕಿ ಸವರಿ ನೋಡಿ. ನನ್ನದರಲ್ಲಿ ಒಂದು ಟ್ರಾನ್ಸ್‌ಫರ್ ಪೋರ್ಟಿನ (ಕ್ರ್ಯಾಂಕ್‌ಕೇಸಿನಿಂದ ಮಿಶ್ರಣ ಮೇಲೆ ಬರುವ ಕಿಂಡಿಯ) ಅಂಚು ಅರ್ಧ ಮಿಲಿಮೀಟರ್ ಕೆಳಗಿತ್ತು, ಸಣ್ಣ ಅರ ಹಿಡಿದು ಅದನ್ನು ಸಮ ಮಾಡಲು ಇಡೀ ಒಂದು ದಿನ ಹಿಡಿಯಿತು.