ಅಪ್‌ಡೇಟ್: ಅಮ್ಮನ ಜೊತೆ ನವೆಂಬರ್‌ನ ವಿಯೆನ್ನಾ ನೋಡಿ ಬಂದೆ

ನವೆಂಬರ್ ಕೊನೆಯಲ್ಲಿ ವಯಸ್ಸಾದ ಅಮ್ಮನನ್ನು ಕರ್ಕೊಂಡು ನಾಲ್ಕು ದಿನ ವಿಯೆನ್ನಾಕ್ಕೆ ಹೋಗ್ತಿದ್ದೀನಿ, ಆ ಚಳಿಯಲ್ಲಿ ಏನೇನು ನೋಡಬಹುದು ಅಂತ ಕೇಳಿದ್ದೆ. ಹೋಗಿ ಬಂದ್ವಿ. ಉತ್ತರ ಕೊಟ್ಟ ಎಲ್ಲರಿಗೂ ಮನಸಾರೆ ಥ್ಯಾಂಕ್ಸ್.

ನಾಲ್ಕು ಗಂಟೆ ದಾಟಿದರೆ ಕತ್ತಲು, ಹೊರಗಿನ ಜಾಗಗಳನ್ನೆಲ್ಲ ಬೆಳಿಗ್ಗೆಯೇ ಮುಗಿಸಿ ಅಂದವರ ಮಾತು ನೂರಕ್ಕೆ ನೂರು ನಿಜ. ಮೊದಲ ದಿನ ತಡವಾಗಿ ಹೊರಟು, ಶೋನ್‌ಬ್ರುನ್ ಅರಮನೆಯ ಹಿಂದಿನ ಗುಡ್ಡ ಹತ್ತೋ ಹೊತ್ತಿಗೆ ಊರು ಕಾಣಿಸಲೇ ಇಲ್ಲ.

ಮರೆಯಲಾಗದ್ದು ಕುನ್ಸ್ಟ್‌ಹಿಸ್ಟೋರಿಷಸ್ ಮ್ಯೂಸಿಯಂನಲ್ಲಿ ಚಿತ್ರಕಾರ ಬ್ರೂಗೆಲ್‌ನ ಚಿತ್ರಗಳಿರೋ ಕೋಣೆ. ಅವನ 1565ರ ಒಂದು ಹಿಮದ ಚಿತ್ರದಲ್ಲಿ ಬೇಟೆಗಾರರು ತಲೆ ತಗ್ಗಿಸಿ ಮನೆಗೆ ವಾಪಸ್ಸಾಗ್ತಿದ್ದಾರೆ, ಹಿಂದೆ ಸೋತ ನಾಯಿಗಳು, ಕೆಳಗೆ ಹೆಪ್ಪುಗಟ್ಟಿದ ಕೆರೆಯ ಮೇಲೆ ಜನ ಆಡ್ತಿದ್ದಾರೆ. ಅಮ್ಮ ಅರ್ಧ ಗಂಟೆ ಅದರ ಮುಂದೆಯೇ ಕೂತರು. "ಇಷ್ಟು ಜನಕ್ಕೆ ಒಂದೇ ಒಂದು ನರಿ ಸಿಕ್ಕಿದೆ ನೋಡೋ, ಪಾಪ" ಅಂದರು. ನಾನು ಆ ನರಿಯನ್ನು ಗಮನಿಸಿಯೇ ಇರಲಿಲ್ಲ.

71ನೇ ನಂಬರ್ ಟ್ರಾಮ್ ಹತ್ತಿ ಝೆಂಟ್ರಾಲ್‌ಫ್ರೀಡ್‌ಹೋಫ್ ಸ್ಮಶಾನಕ್ಕೂ ಹೋದ್ವಿ. ಪ್ರವಾಸದಲ್ಲಿ ಸ್ಮಶಾನ ಯಾಕೆ ಅಂತ ಅಮ್ಮ ಮೊದಲು ಮುಖ ಸಿಂಡರಿಸಿದ್ದರು. ಸಂಗೀತಗಾರರಾದ ಬೀಥೋವನ್, ಶೂಬರ್ಟ್, ಬ್ರಾಮ್ಸ್ ಸಮಾಧಿಗಳು ಹತ್ತಿರ ಹತ್ತಿರ, ಸುತ್ತ ಒದ್ದೆ ಎಲೆಗಳ ರಾಶಿ, ಒಂದಿಷ್ಟೂ ಸದ್ದಿಲ್ಲ. ಹೊರಡೋಣ ಅಂದರೆ ಅವರೇ ಏಳಲಿಲ್ಲ.

ಒಪೆರಾದ ನಿಂತು ನೋಡುವ ಅಗ್ಗದ ಟಿಕೆಟ್ ಅಮ್ಮನ ಮಂಡಿಗೆ ಆಗಿಬರಲ್ಲ ಅಂತ ಬಿಟ್ಟೆವು. ಸಸ್ಯಾಹಾರದ ಬಗ್ಗೆ ಕೇಳಿದ್ದವರಿಗೆ: ಬೀದಿಬದಿಯ ಮರೋನಿ ಗಾಡಿಗಳಲ್ಲಿ ಬಿಸಿಬಿಸಿ ಸುಟ್ಟ ಚೆಸ್ಟ್‌ನಟ್ ಜೊತೆ ಆಲೂಗಡ್ಡೆಯೂ ಸಿಗುತ್ತೆ. ಸಂಜೆ ಆ ಪೊಟ್ಟಣ ಹಿಡಿದುಕೊಂಡರೆ ಕೈಯೂ ಬೆಚ್ಚಗಿರುತ್ತೆ.