ಓಟಿಜಿಯಲ್ಲಿ ಬೇಕನ್ ಸುತ್ತಿದ ಹಣ್ಣು: ಯಾವ ಹಣ್ಣು ತರಲಿ?

ಕುವೆಂಪುನಗರದವಳು:
ಎಲ್ಲರಿಗೂ ನಮಸ್ಕಾರ. ಶನಿವಾರ ಸಂಜೆ ನಮ್ಮ ಯಜಮಾನರ ಆಫೀಸಿನವರು ಮನೆಗೆ ಬರುತ್ತಿದ್ದಾರೆ, ಹದಿನೈದು ಜನ. ಊಟ ಹೊರಗಡೆಯಿಂದ ತರಿಸುತ್ತೇವೆ. ಅದಕ್ಕೆ ಮುಂಚೆ ಬಾಯಾಡಿಸೋಕೆ ಬೇಕನ್ (ಉಪ್ಪು ಹಾಕಿ ಹದ ಮಾಡಿದ ಹಂದಿಮಾಂಸದ ಪಟ್ಟಿ) ಸುತ್ತಿದ ಹಣ್ಣು ಮಾಡೋಣ ಅಂತಿದ್ದೇನೆ. ಖರ್ಜೂರ, ಅನಾನಸ್, ನಂಜನಗೂಡು ರಸಬಾಳೆ ಮೂರೂ ಮಾಡಿದರೆ ತಟ್ಟೆ ಚೆನ್ನಾಗಿ ಕಾಣುತ್ತೆ ಅಲ್ವಾ? ಇರುವುದು ಚಿಕ್ಕ ಓಟಿಜಿ, ಅಂದರೆ ಮೇಜಿನ ಮೇಲಿಡುವ ಕರೆಂಟ್ ಓವನ್. ಬರುವವರಲ್ಲಿ ನಾಲ್ಕೈದು ಜನ ಹಂದಿ ತಿನ್ನಲ್ಲ. ಅತ್ತೆಯವರೂ ಮನೆಯಲ್ಲೇ ಇರುತ್ತಾರೆ, ವಾಸನೆಯದ್ದೇ ಯೋಚನೆ. ಹಿಂದಿನ ದಿನವೇ ಸುತ್ತಿಡಬಹುದಾ?

ಒಗ್ಗರಣೆ ಡಬ್ಬಿ:
ರಸಬಾಳೆ ದಯವಿಟ್ಟು ಬೇಡ ಮೇಡಂ. ಸೊರಗು ರೋಗ ಬಂದು ಅದರ ತೋಟಗಳೇ ಕಡಿಮೆಯಾಗಿವೆ. ಸಿಕ್ಕರೆ ಸುಮ್ನೆ ಸುಲಿದು ತಿನ್ನಿ. ಬಿಸಿಗೆ ಅದು ಕರಗಿ ಹರಿದುಹೋಗುತ್ತೆ, ಬೇಕನ್ ಒಂದೇ ಉಳಿಯುತ್ತೆ. ಬಾಳೆಹಣ್ಣೇ ಬೇಕಿದ್ದರೆ ಆಗತಾನೇ ಹಳದಿಗೆ ತಿರುಗಿದ ನೇಂದ್ರ ತನ್ನಿ.

ಈ ತಿಂಡಿಗೆ ಒಣಹಣ್ಣೇ ಸರಿ. ಬ್ರಿಟಿಷರ ‘ಡೆವಿಲ್ಸ್ ಆನ್ ಹಾರ್ಸ್‌ಬ್ಯಾಕ್’ ಕೂಡ ಒಣ ಪ್ಲಮ್‌ಗೆ ಬೇಕನ್ ಸುತ್ತಿ ಮಾಡುವುದೇ. ಹಣ್ಣಲ್ಲಿ ನೀರು ಜಾಸ್ತಿ ಇದ್ದರೆ ಬೇಕನ್ ಹಬೆಯಲ್ಲಿ ಬೆಂದು ಮೆತ್ತಗಾಗುತ್ತೆ. ದೇವರಾಜ ಮಾರ್ಕೆಟ್ ಕಡೆ ಹೋದರೆ ದಪ್ಪ, ಮೆತ್ತನೆ ಖರ್ಜೂರ ನೋಡಿ ತನ್ನಿ. ಬೀಜ ತೆಗೆದು ಒಳಗೆ ಒಂದು ಹುರಿದ ಬಾದಾಮಿ ಇಡಿ. ಅನಾನಸ್ ಬಿಡಲು ಮನಸ್ಸಿಲ್ಲದಿದ್ದರೆ ತುಂಡು ಮಾಡಿ, ಬಟ್ಟೆಯ ಮೇಲೆ ಹರವಿ, ಒತ್ತಿ ಒರೆಸಿ.

ಬೇಕನ್ ತೆಳುವಾಗಿ ಕೊಯ್ದದ್ದೇ ಇರಲಿ. ದಪ್ಪ ಪಟ್ಟಿಯಾದರೆ ಹೊರಗೆ ಕರಿ, ಒಳಗೆ ಹಸಿ. ಒಂದು ಪಟ್ಟಿ ಅಡ್ಡಕ್ಕೆ ಎರಡು ಮಾಡಿ. ಹಂದಿ ತಿನ್ನುವವರು ಹನ್ನೊಂದು ಜನ ಅಂತಿಟ್ಟುಕೊಂಡರೆ, ತಲೆಗೆ ಮೂರು ಅಂದರೆ ಮೂವತ್ಮೂರು, ಸುಮಾರು ಹದಿನೇಳು ಪಟ್ಟಿ ಸಾಕು. ಸುತ್ತಿದ್ದು ಬಿಚ್ಚದಂತೆ ಚುಚ್ಚುವ ಟೂತ್‌ಪಿಕ್ ಅರ್ಧ ಗಂಟೆ ನೀರಲ್ಲಿ ನೆನೆಹಾಕಿ, ಇಲ್ಲದಿದ್ದರೆ ತುದಿ ಸುಟ್ಟುಹೋಗುತ್ತೆ. ಬೇಕನ್ ತುದಿ ಸೇರುವ ಕಡೆ ಕೆಳಗಿರಲಿ. 200 ಡಿಗ್ರಿಗೆ ಬಿಸಿ ಮಾಡಿ, ಜಾಲರಿ ಮೇಲೆ ಜೋಡಿಸಿ, ಕೊಬ್ಬು ತೊಟ್ಟಿಕ್ಕೋಕೆ ಕೆಳಗೆ ಟ್ರೇ ಇಡಿ. ಹದಿನೈದರಿಂದ ಇಪ್ಪತ್ತು ನಿಮಿಷ, ನಡುವೆ ಒಮ್ಮೆ ತಿರುಗಿಸಿ. ಎಣ್ಣೆಯೂ ಬೇಡ, ಉಪ್ಪಂತೂ ಬೇಡವೇ ಬೇಡ.

ಹಿಂದಿನ ರಾತ್ರಿ ಸುತ್ತಿ, ಡಬ್ಬಿ ಮುಚ್ಚಿ ಫ್ರಿಜ್‌ನಲ್ಲಿಡಿ. ಬೇಯಿಸುವುದು ಮಾತ್ರ ಜನ ಬಂದ ಮೇಲೆ. ಓಟಿಜಿ ಯುಟಿಲಿಟಿಗೆ ಒಯ್ದರೆ ಅತ್ತೆಯವರಿಗೂ ನೆಮ್ಮದಿ.

ಕೂರ್ಗಿನ ಕೂಸು, ಈಗ ಮೈಸೂರು:
ಮೇಲಿನವರು ಹೇಳಿದ್ದೆಲ್ಲ ಸರಿ. ನಮ್ಮ ಕಡೆಯದ್ದೊಂದು ಸೇರಿಸಿ: ಪಂದಿ ಕರಿಗೆ (ಹಂದಿ ಸಾರಿಗೆ) ಹಾಕುವ ಕಾಚಂಪುಳಿ, ಕಪ್ಪಗಿನ ಗಟ್ಟಿ ಹುಳಿರಸ. ಒಂದು ಚಮಚ ಬೆಲ್ಲದ ಪಾಕಕ್ಕೆ ನಾಲ್ಕೈದು ಹನಿ ಬಿಡಿ, ಕಾಳುಮೆಣಸು ಕುಟ್ಟಿ ಹಾಕಿ. ಇಳಿಸೋಕೆ ಎರಡು ಮೂರು ನಿಮಿಷ ಇರುವಾಗ ಸವರಿ. ಮೊದಲೇ ಸವರಿದರೆ ಬೆಲ್ಲ ಸೀದುಹೋಗುತ್ತೆ. ಖರ್ಜೂರದ ಸಿಹಿ ಬಾಯಿಗೆ ಹೊಡೆಯುವುದಿಲ್ಲ, ಇನ್ನೊಂದಕ್ಕೆ ಕೈ ಹೋಗುತ್ತೆ.

ಮಂಡ್ಯ ಹೈದ:
ಬೆಲ್ಲ ಅಂದ್ರಲ್ಲ, ಮಂಡ್ಯದ್ದೇ ತಗೊಳ್ಳಿ! ನಮ್ಮನೇಲಿ ಓಟಿಜಿ ಇಲ್ಲ. ದೋಸೆ ಕಾವಲಿ ಮೇಲೆ ಸಣ್ಣ ಉರಿಯಲ್ಲಿ, ಅಂಚು ಸೇರುವ ಕಡೆ ಕೆಳಗೆ ಮಾಡಿ ಇಡ್ತೀನಿ. ಅದು ಕಚ್ಚಿಕೊಂಡ ಮೇಲೆ ಉರುಳಿಸ್ತಾ ಹೋಗೋದು. ಹೊತ್ತು ಹಿಡಿಯುತ್ತೆ, ಆದ್ರೆ ಒಂದೊಂದನ್ನೂ ಕಣ್ಣಾರೆ ನೋಡಿ ಇಳಿಸಬಹುದು. ಹಂದಿ ತಿನ್ನದವರಿಗೆ ಅದೇ ಓಟಿಜಿಯಲ್ಲಿ ಮಾಡಬೇಡಿ, ಕೊಬ್ಬು ಸಿಡಿದಿರುತ್ತೆ. ಖರ್ಜೂರದೊಳಗೆ ಪನೀರ್, ಮೆಣಸಿನ ಪುಡಿ ತುಂಬಿಡಿ. ಬೇಯಿಸೋ ಕೆಲಸವೇ ಇಲ್ಲ. ತಟ್ಟೆ, ಇಕ್ಕಳ ಬೇರೆ ಇರಲಿ.

ಕುವೆಂಪುನಗರದವಳು:
ರಸಬಾಳೆ ಕೈಬಿಟ್ಟೆ. ಖರ್ಜೂರದ ಜೊತೆ ಒಣ ಅಂಜೂರ ಸ್ವಲ್ಪ ತರುತ್ತೇನೆ, ಅನಾನಸ್ ಒಂದು ಹಿಡಿ ಸಾಕು. ಕಾಚಂಪುಳಿ ಪಕ್ಕದ ಮನೆಯವರ ಹತ್ತಿರ ಇದೆಯಂತೆ. ಅಂಜೂರದ ಒಳಗೂ ಬಾದಾಮಿ ಇಡಬೇಕಾ?

ಒಗ್ಗರಣೆ ಡಬ್ಬಿ:
ಬೇಡ. ಅದರ ಬೀಜವೇ ಕರಕರ ಅನ್ನುತ್ತೆ. ತುಂಬಾ ಒಣಗಿದ್ದರೆ ಮಾತ್ರ ಬಿಸಿನೀರಲ್ಲಿ ಹತ್ತು ನಿಮಿಷ ನೆನೆಸಿ, ಚೆನ್ನಾಗಿ ಒರೆಸಿ ಸುತ್ತಿ.