ಜಾವಾ 8ರಿಂದ 17ಕ್ಕೆ: ಕ್ಲೈಂಟ್‌ನ ಒಪ್ಪಿಸೋದು ಹೇಗೆ?

ಪ್ರಶ್ನೆ: ಗೋದಾಮಿನ ಸರಕಿನ ಲೆಕ್ಕ ನೋಡಿಕೊಳ್ಳೋ ಅಪ್ಲಿಕೇಶನ್ ಒಂದು ನಮ್ಮ ತಂಡದ ಕೈಯಲ್ಲಿದೆ. ಜಾವಾ 8, ಸ್ಪ್ರಿಂಗ್ ಬೂಟ್ (ಜಾವಾ ಅಪ್ಲಿಕೇಶನ್ ಕಟ್ಟೋ ಚೌಕಟ್ಟು) 2.3, ವಿಂಡೋಸ್ ಸರ್ವರ್. 17ಕ್ಕೆ ಹೋಗೋಣ ಅಂದರೆ ಕ್ಲೈಂಟ್ ಕಡೆಯ ಮ್ಯಾನೇಜರ್ "ಚೆನ್ನಾಗೇ ಓಡ್ತಿದೆಯಲ್ಲ, ಯಾಕೆ ಕೈ ಹಾಕ್ತೀರಿ?" ಅಂತಾರೆ. ಜಾವಾ 8ರ ಕಾಲ ಮುಗಿದಿದೆ, ಸೆಕ್ಯುರಿಟಿ ಪ್ಯಾಚ್ ಬರಲ್ಲ ಅಂತ ಹೇಳಿ ನೋಡಿದ್ವಿ, ಒಪ್ಪಲಿಲ್ಲ. ಏನು ಹೇಳಬೇಕು, ಎಲ್ಲಿಂದ ಶುರು ಮಾಡಬೇಕು? ಗೊತ್ತಿರೋರು ದಯವಿಟ್ಟು ತಿಳಿಸಿ.

ಉತ್ತರ: ಮೊದಲು "ಪ್ಯಾಚ್ ಬರಲ್ಲ" ಅನ್ನೋ ಮಾತು ಬಿಡಿ ಸರ್, ಅದು ನಿಜ ಅಲ್ಲ. ಟೆಮುರಿನ್, ಕೊರೆಟ್ಟೊ ಥರದ ಓಪನ್‌ಜೆಡಿಕೆ (ಜಾವಾದ ಮುಕ್ತ ರೂಪ) ಬಿಲ್ಡ್‌ಗಳಲ್ಲಿ ಜಾವಾ 8ಕ್ಕೆ ಈಗಲೂ ಉಚಿತವಾಗಿ ಪ್ಯಾಚ್ ಬರ್ತಿದೆ. ಕ್ಲೈಂಟ್ ಕಡೆ ಯಾರಾದರೂ ಒಬ್ಬರು ಇದನ್ನ ಹುಡುಕಿ ನೋಡಿದರೆ, ಆಮೇಲೆ ನೀವು ಹೇಳೋ ನಿಜವನ್ನೂ ಯಾರೂ ನಂಬಲ್ಲ.

ತೊಂದರೆ ಇರೋದು ಜಾವಾ ಮೇಲೆ ಕೂತಿರೋ ಲೈಬ್ರರಿಗಳಲ್ಲಿ, ಅಂದರೆ ಬೇರೆಯವರು ಬರೆದ ಸಿದ್ಧ ಕೋಡ್‌ನಲ್ಲಿ. ಸ್ಪ್ರಿಂಗ್ ಬೂಟ್ 2ರ ಕೊನೆಯ ಆವೃತ್ತಿ 2.7. ಅದಕ್ಕೆ ಉಚಿತ ಪ್ಯಾಚ್ ನಿಂತಿದ್ದು 2023ರ ನವೆಂಬರ್‌ನಲ್ಲಿ, ಅದರ ಅಡಿಯಲ್ಲಿರೋ ಸ್ಪ್ರಿಂಗ್ ಫ್ರೇಮ್‌ವರ್ಕ್ 5.3ಕ್ಕೆ 2024ರ ಆಗಸ್ಟ್‌ನಲ್ಲಿ. ನಿಮ್ಮ 2.3ರ ಕಥೆ ಅದಕ್ಕೂ ಮೊದಲೇ ಮುಗಿದಿದೆ. ಸ್ಪ್ರಿಂಗ್ ಬೂಟ್ 3ಕ್ಕೆ ಕನಿಷ್ಠ ಜಾವಾ 17 ಬೇಕೇ ಬೇಕು. ಹೈಬರ್ನೇಟ್ 6 (ಡೇಟಾಬೇಸ್‌ಗೆ), ಮೊಕಿಟೊ 5 (ಟೆಸ್ಟ್‌ಗೆ), ಟಾಮ್‌ಕ್ಯಾಟ್ 10.1 (ವೆಬ್ ಸರ್ವರ್) ಕೂಡ 8ರಲ್ಲಿ ಓಡಲ್ಲ, 11 ಕೇಳ್ತವೆ. ಅಂದರೆ ನಾಳೆ ಲಾಗಿನ್ ಭಾಗದಲ್ಲಿ ಒಂದು ತೂತು ಸಿಕ್ಕರೆ, ಅದನ್ನ ಮುಚ್ಚೋ ಪ್ಯಾಚ್ ಬಂದಿರುತ್ತೆ, ಆದರೆ ನಿಮ್ಮ ಸರ್ವರ್‌ಗೆ ಹಾಕೋಕೆ ಆಗಲ್ಲ. ಮ್ಯಾನೇಜರ್‌ಗೆ ಹೇಳಬೇಕಾದ್ದು ಇದೊಂದೇ.

ಬಾಯಲ್ಲಿ ಹೇಳಿದರೆ ಸಾಲದು. ಬಿಲ್ಡ್ ಮಾಡೋ ಸಾಧನವಾದ ಮೇವನ್‌ನಲ್ಲಿ ಡಿಪೆಂಡೆನ್ಸಿ ಟ್ರೀ (ಯಾವ ಲೈಬ್ರರಿ ಯಾವುದನ್ನ ಅವಲಂಬಿಸಿದೆ ಅನ್ನೋ ಪಟ್ಟಿ) ತೆಗೆದು, ಮುಖ್ಯವಾದ ಹತ್ತು ಲೈಬ್ರರಿಗಳನ್ನ ಒಂದೇ ಪುಟದಲ್ಲಿ ಬರೀರಿ: ನಾವು ಯಾವ ಆವೃತ್ತಿಯಲ್ಲಿದ್ದೀವಿ, ಅದಕ್ಕೆ ಪ್ಯಾಚ್ ಯಾವಾಗ ನಿಂತಿತು, ಮುಂದಿನದಕ್ಕೆ ಯಾವ ಜಾವಾ ಬೇಕು. ಹೊರಗಿನಿಂದ ರಿಕ್ವೆಸ್ಟ್ ಬರೋ ಲೈಬ್ರರಿಗಳು ಮೇಲಿರಲಿ. ಹೊಸ ಜಾವಾದಲ್ಲಿ ಕೋಡ್ ಚೆಂದ ಕಾಣುತ್ತೆ ಅನ್ನೋದನ್ನ ಆ ಪುಟದಲ್ಲಿ ಸೇರಿಸಬೇಡಿ, ಅದು ನಮಗೆ ಬೇಕಾದ್ದು, ಅವರಿಗಲ್ಲ.

ಕೆಲಸಕ್ಕೆ ದುಡ್ಡು ಕೇಳೋವಾಗಲೂ ಒಟ್ಟಿಗೆ ಕೇಳಬೇಡಿ, ಮೂರು ಹಂತ ಮಾಡಿ. ಮೊದಲ ಹಂತದಲ್ಲಿ ಜಾವಾ 8ರಲ್ಲೇ ಇದ್ದು ಬೂಟ್ 2.3ರಿಂದ 2.7ಕ್ಕೆ ಬನ್ನಿ, ಒಂದೊಂದೇ ಆವೃತ್ತಿ ಹತ್ತಿ. 2.4ರಲ್ಲಿ ಕಾನ್ಫಿಗ್ ಫೈಲ್ ಓದೋ ರೀತಿ ಬದಲಾಗಿದೆ. 2.6ರಲ್ಲಿ ಎರಡು ಬೀನ್‌ಗಳು (ಸ್ಪ್ರಿಂಗ್ ನೋಡಿಕೊಳ್ಳೋ ಆಬ್ಜೆಕ್ಟ್‌ಗಳು) ಒಂದನ್ನೊಂದು ಅವಲಂಬಿಸಿದ್ದರೆ ಅಪ್ಲಿಕೇಶನ್ ಶುರುವೇ ಆಗಲ್ಲ, ಮತ್ತು ಎಪಿಐ ದಾಖಲೆ ತಯಾರಿಸೋ ಸ್ಪ್ರಿಂಗ್‌ಫಾಕ್ಸ್ ಇದ್ದರೆ ನಲ್ ಪಾಯಿಂಟರ್ ದೋಷ ಬಂದು ನಿಲ್ಲುತ್ತೆ. ಎರಡನೇ ಹಂತದಲ್ಲಿ ಜೆಡಿಕೆ (ಕಂಪೈಲ್ ಮಾಡಿ ಓಡಿಸೋ ಜಾವಾ ಕಿಟ್) ಮಾತ್ರ 17 ಮಾಡಿ. ಬೂಟ್ 3 ಮೂರನೆಯದು. ಅಲ್ಲಿ ಜಾವಾಕ್ಸ್ ಅನ್ನೋ ಪ್ಯಾಕೇಜ್ ಹೆಸರುಗಳು ಜಕಾರ್ತ ಆಗ್ತವೆ. ಕಣ್ಣು ಮುಚ್ಚಿ ಎಲ್ಲ ಕಡೆ ಬದಲಿಸಬೇಡಿ: ಜಾವಾಕ್ಸ್ ಸರ್ವ್ಲೆಟ್, ಪರ್ಸಿಸ್ಟೆನ್ಸ್ ಬದಲಾಗುತ್ತೆ, ಜಾವಾಕ್ಸ್ ಎಸ್‌ಕ್ಯೂಎಲ್, ಕ್ರಿಪ್ಟೊ ಬದಲಾಗಲ್ಲ, ಅವು ಜೆಡಿಕೆ ಒಳಗಿನವು.

ಮರುಪ್ರಶ್ನೆ: ತುಂಬಾ ಉಪಯೋಗ ಆಯ್ತು ಸರ್. "ಕೆಟ್ಟರೆ ಹಳೇದಕ್ಕೆ ಎಷ್ಟು ಹೊತ್ತಲ್ಲಿ ವಾಪಸ್ ಬರ್ತೀರಿ?" ಅಂತ ಅವರು ಖಂಡಿತ ಕೇಳ್ತಾರೆ. ಏನು ಹೇಳೋದು?

ಉತ್ತರ: ಎರಡನೇ ಹಂತದವರೆಗೆ "ಒಂದು ರೀಸ್ಟಾರ್ಟ್ ಅಷ್ಟೇ" ಅಂತ ಧೈರ್ಯವಾಗಿ ಹೇಳಬಹುದು, ಆದರೆ ಒಂದು ಷರತ್ತಿದೆ. 17ರಲ್ಲಿ ಓಡಿಸಿದರೂ ಕಂಪೈಲ್ ಜಾವಾ 8ಕ್ಕೇ ಆಗಿರಬೇಕು. ಆಗ ಕಂಪೈಲ್ ಆಗಿ ಬರೋ ಕ್ಲಾಸ್ ಫೈಲ್‌ನ ಆವೃತ್ತಿ 52 (ಜಾವಾ 8ರದ್ದು) ಇರುತ್ತೆ, ಎರಡೂ ಕಡೆ ಓಡುತ್ತೆ. 61 (17ರದ್ದು) ಆಯ್ತೋ, ಹಳೇ ಜೆಡಿಕೆ ಅದನ್ನ ಓದೋದೇ ಇಲ್ಲ. ಮೇವನ್‌ನಲ್ಲಿ 'ಟಾರ್ಗೆಟ್' ಬದಲು 'ರಿಲೀಸ್' ಅಂತ 8 ಕೊಡಿ. ಬರೀ ಟಾರ್ಗೆಟ್ ಕೊಟ್ಟು 17ರಲ್ಲಿ ಕಂಪೈಲ್ ಮಾಡಿದರೆ ಬೈಟ್‌ಬಫರ್‌ನ ಫ್ಲಿಪ್ ಥರದ ಕರೆಗಳು ಹೊಸ ಮೆಥಡ್‌ಗೆ ಅಂಟಿಕೊಂಡು, 8ರಲ್ಲಿ 'ಅಂಥ ಮೆಥಡ್ ಇಲ್ಲ' ಅಂತ ಬೀಳುತ್ತೆ, ಅದೂ ಆ ಸಾಲು ಓಡಿದಾಗ ಮಾತ್ರ. ಹಳೇ ಜೆಡಿಕೆ ಫೋಲ್ಡರ್ ಅಳಿಸಬೇಡಿ. ವಿಂಡೋಸ್ ಸರ್ವಿಸ್ ಆಗಿ ಹಾಕಿದ್ದರೆ ಜಾವಾ ಹೋಮ್ (ಜಾವಾ ಯಾವ ಫೋಲ್ಡರ್‌ನಲ್ಲಿದೆ ಅಂತ ಹೇಳೋ ಸೆಟ್ಟಿಂಗ್) ಒಂದನ್ನೇ ಬದಲಿಸಿ ಕೂರಬೇಡಿ, ಜಾವಾ ಓಡಿಸೋ ಜೆವಿಎಂನ ದಾರಿ ಸರ್ವಿಸ್‌ನ ಸೆಟ್ಟಿಂಗ್‌ನಲ್ಲಿ ಇದೆಯಾ ನೋಡಿ.

ಇನ್ನೊಬ್ಬರ ಉತ್ತರ: ಮೇಲಿನವರು ಹೇಳಿದ್ದು ಸರಿ, ಜೆಡಿಕೆ ಬದಲಿಸೋ ದಿನ ಮುಗ್ಗರಿಸೋ ಜಾಗಗಳನ್ನ ಸೇರಿಸ್ತೀನಿ. ಸ್ಟಾರ್ಟಪ್ ಸ್ಕ್ರಿಪ್ಟ್‌ನಲ್ಲಿ 'ಮ್ಯಾಕ್ಸ್‌ಪರ್ಮ್‌ಸೈಜ್' ಅನ್ನೋ ಮೆಮೊರಿ ಆಯ್ಕೆ ಹಳೇ ಕಾಲದಿಂದ ಉಳಿದಿರುತ್ತೆ. ಜಾವಾ 8 ಬರೀ ಎಚ್ಚರಿಕೆ ಕೊಟ್ಟು ಓಡ್ತಿತ್ತು, 17 ಗುರುತಿಲ್ಲದ ಆಯ್ಕೆ ಅಂತ ಶುರುವೇ ಆಗಲ್ಲ. ಬಳಸದ ಮೆಮೊರಿ ತೆರವು ಮಾಡೋ ಸಿಎಂಎಸ್ ಕಲೆಕ್ಟರ್ ಆಯ್ಕೆಯೂ ಹಾಗೇ, ತೆಗೆದುಬಿಡಿ. ಎಕ್ಸ್‌ಎಂಎಲ್ ಓದಿ ಬರೆಯೋ ಜಾಕ್ಸ್‌ಬಿ ಜಾವಾ 11ರಲ್ಲೇ ಜೆಡಿಕೆಯಿಂದ ಹೊರಗೆ ಹೋಗಿದೆ, 2.3 ಸಾಲಿನದನ್ನ ಡಿಪೆಂಡೆನ್ಸಿಯಾಗಿ ಹಾಕಿ, ಪ್ಯಾಕೇಜ್ ಹೆಸರು ಹಳೇದೇ ಇರುತ್ತೆ. ಗೆಟರ್, ಸೆಟರ್ ಥರದ ಕೋಡ್ ತಾನೇ ಹುಟ್ಟಿಸೋ ಲೊಂಬೊಕ್ 1.18.22ಕ್ಕಿಂತ ಹಳೇದಿದ್ದರೆ ಕಂಪೈಲ್ ಆಗದೇ ಹೋಗಬಹುದು. ಜೆಡಿಕೆ ಜೊತೆ ಬರೋ ಜೆಡೆಪ್ಸ್ ಅನ್ನೋ ಸಾಧನದಲ್ಲಿ ಜಾರ್‌ಗಳನ್ನ (ಲೈಬ್ರರಿ ಫೈಲ್‌ಗಳನ್ನ) ಒಮ್ಮೆ ಹಾಯಿಸಿದರೆ, ಜೆಡಿಕೆಯ ಒಳಗಿನ ಕ್ಲಾಸ್‌ಗಳನ್ನ ಮುಟ್ಟೋ ಲೈಬ್ರರಿ ಯಾವುದು ಅಂತ ಮೊದಲೇ ಗೊತ್ತಾಗುತ್ತೆ.

ಇನ್ನೊಂದು, ನಮ್ಮ ಕಡೆಯವರು ವಿಶೇಷವಾಗಿ ನೋಡಬೇಕಾದ್ದು. ಸಿಎಸ್‌ವಿ ಫೈಲ್‌ಗಳಲ್ಲಿ ಕನ್ನಡದ ಹೆಸರು, ವಿಳಾಸ ಇದ್ದರೆ ಕೋಡ್‌ನಲ್ಲಿ ಎನ್‌ಕೋಡಿಂಗ್ (ಅಕ್ಷರಗಳನ್ನ ಫೈಲ್‌ನಲ್ಲಿ ಇಡೋ ರೀತಿ) ಹೆಸರಿಸಿದ್ದೀರಾ ನೋಡಿ. 17ರವರೆಗೆ ಜಾವಾದ ಫೈಲ್‌ರೀಡರ್ ವಿಂಡೋಸ್‌ನ ಡೀಫಾಲ್ಟ್ ಎನ್‌ಕೋಡಿಂಗ್ ಹಿಡಿಯುತ್ತೆ, 18ರಿಂದ ಯುಟಿಎಫ್-8. ಈಗಲೇ ಎಲ್ಲ ಕಡೆ ಯುಟಿಎಫ್-8 ಅಂತ ಬರೆದಿಟ್ಟರೆ, ಮುಂದೆ 21ಕ್ಕೆ ಹೋದಾಗ ಆ ಹೆಸರುಗಳಿಗೆ ಏನೂ ಆಗಲ್ಲ.